60 ಹೆಸರು, ಒಂದು ಖಾಲಿ ಹಡಗು: ‘ರಿಟರ್ನ್ ಆಫ್ ದಿ ಓಬ್ರಾ ಡಿನ್’ ಆಡಿ ಮುಗಿಸಿದೆ

ಈ ಗೇಮ್ ಬಂದಿದ್ದು 2018ರಲ್ಲಿ. ನಾನು ಆಡಿದ್ದು ಹೋದ ತಿಂಗಳು. ಇಷ್ಟು ವರ್ಷ ಇದರ ಬಗ್ಗೆ ಏನೂ ಓದದೆ ಇದ್ದದ್ದು ಸೋಮಾರಿತನದಿಂದ, ಆದರೆ ಅದೇ ಒಳ್ಳೆಯದಾಯಿತು. ಕಾರಣ ಕೊನೆಗೆ ಹೇಳುತ್ತೇನೆ.

ಕಾಲ 1807. ಐದು ವರ್ಷ ಹಿಂದೆ ಲಂಡನ್‌ನಿಂದ ಹೊರಟು ಕಡಲಲ್ಲಿ ಕಾಣೆಯಾಗಿದ್ದ ಒಂದು ವ್ಯಾಪಾರಿ ಹಡಗು ಇಂಗ್ಲೆಂಡಿನ ಫಾಲ್ಮತ್ ಬಂದರಿಗೆ ತಾನಾಗಿಯೇ ತೇಲಿಕೊಂಡು ಬರುತ್ತದೆ. ಹಾಯಿ ಹರಿದಿದೆ, ಒಳಗೆ ಒಂದು ನರಪಿಳ್ಳೆಯೂ ಇಲ್ಲ. ನೀವು ಈಸ್ಟ್ ಇಂಡಿಯಾ ಕಂಪನಿಯ ಇನ್ಸೂರೆನ್ಸ್ ಅಧಿಕಾರಿ. ಕೈಯಲ್ಲಿ ಒಂದು ಪುಸ್ತಕ, ಅದರಲ್ಲಿ 60 ಜನರ ಹೆಸರು. ಯಾರು ಯಾರು, ಅವರಿಗೆ ಏನಾಯಿತು, ಸತ್ತಿದ್ದರೆ ಹೇಗೆ, ಕೊಂದವರು ಯಾರು, ಇಷ್ಟನ್ನು ಬರೆದುಕೊಡಬೇಕು. ಅಷ್ಟೇ ಗೇಮ್. ಓಟ ಇಲ್ಲ, ಹೊಡೆದಾಟ ಇಲ್ಲ, ಗುಮಾಸ್ತನ ಕೆಲಸ.

ಜೊತೆಗೆ ಒಂದು ಮಾಯದ ಗಡಿಯಾರ ಇದೆ. ಹೆಣದ ಹತ್ತಿರ ಹೋಗಿ ಅದನ್ನು ತೆರೆದರೆ ಮೊದಲು ಪರದೆ ಕಪ್ಪಾಗಿ ಸದ್ದು ಮಾತ್ರ ಕೇಳುತ್ತದೆ. ಯಾರೋ ಬಾಗಿಲು ಬಡಿಯುತ್ತಾರೆ, ಯಾರೋ ಕೂಗುತ್ತಾರೆ, ಆಮೇಲೆ ಗುಂಡಿನ ಸದ್ದು. ಆಮೇಲೆ ಆ ಮನುಷ್ಯ ಸತ್ತ ಕ್ಷಣ ಕಲ್ಲಾದ ಹಾಗೆ ಕಣ್ಣೆದುರು ನಿಲ್ಲುತ್ತದೆ. ಅದರೊಳಗೆ ಓಡಾಡಬಹುದು, ಮೂಲೆಯಲ್ಲಿ ನಿಂತು ನೋಡುತ್ತಿರುವವರ ಮುಖ ನೋಡಬಹುದು. ಅಲ್ಲಿ ಇನ್ನೊಂದು ಹೆಣ ಇದ್ದರೆ ಅದರಿಂದ ಇನ್ನೂ ಹಿಂದಕ್ಕೆ ಹೋಗಬಹುದು. ಹಾಗಾಗಿ ಕತೆಯ ಕೊನೆ ಮೊದಲೇ ಗೊತ್ತಾಗುತ್ತದೆ, ಶುರು ಎಲ್ಲಿ ಅಂತ ನಾವೇ ಹುಡುಕಿಕೊಂಡು ಹೋಗಬೇಕು.

ನನಗೆ ಇಷ್ಟವಾಗಿದ್ದು ಇದೇ. ಬೇರೆ ಎಷ್ಟೋ ಗೇಮ್‌ಗಳಲ್ಲಿ ಕತೆ ಅಂದರೆ ಹತ್ತು ನಿಮಿಷ ಗುಂಡು ಹಾರಿಸು, ಆಮೇಲೆ ಕೈಕಟ್ಟಿ ಕೂತು ಸಿನಿಮಾ ನೋಡು ಅನ್ನೋ ಥರ. ಇಲ್ಲಿ ಯಾರೂ ನಿಮಗೆ ಕತೆ ಹೇಳುವುದಿಲ್ಲ. ಬೇಕಾದ್ದೆಲ್ಲ ಅಲ್ಲೇ ಬಿದ್ದಿರುತ್ತದೆ, ಹೆಕ್ಕುವುದು ನಿಮಗೆ ಬಿಟ್ಟಿದ್ದು. ಒಂದು ಉದಾಹರಣೆ ಕೊಡುತ್ತೇನೆ, ಆಡಬೇಕು ಅಂತಿರುವವರು ಈ ಪ್ಯಾರಾ ಬಿಟ್ಟು ಮುಂದಕ್ಕೆ ಹೋಗಿ. ಒಂದು ದೃಶ್ಯದಲ್ಲಿ ನಾವಿಕರು ಸಾಲಾಗಿ ಜೋಲಿ ಕಟ್ಟಿಕೊಂಡು ಮಲಗಿದ್ದಾರೆ. ಮೂರು ಸಲ ಅದೇ ದೃಶ್ಯಕ್ಕೆ ಹೋಗಿ ಬಂದೆ, ಏನೂ ಸಿಗಲಿಲ್ಲ. ನಾಲ್ಕನೇ ಸಲ ನೋಡಿದರೆ ಜೋಲಿಗಳ ಮೇಲೆ ನಂಬರ್! ಪುಸ್ತಕದ ಪಟ್ಟಿಯಲ್ಲೂ ಅದೇ ನಂಬರ್. ರಾತ್ರಿ ಒಂದೂವರೆಗೆ ಕುರ್ಚಿ ಬಿಟ್ಟು ಎದ್ದು ನಿಂತೆ, ಮನೆಯವರು ಏನಾಯ್ತು ಅಂತ ಕೇಳಿದರು, ನಾನೇನು ಹೇಳಲಿ.

ಮೂರು ಜನರ ವಿವರ ಸರಿಯಾಗಿ ತುಂಬಿದರೆ ಮಾತ್ರ ಗೇಮ್ ‘ಸರಿ’ ಅಂತ ಒಪ್ಪುತ್ತದೆ. ಒಂದೊಂದಾಗಿ ಊಹೆ ಮಾಡುತ್ತಾ ಹೋಗುವವರಿಗೆ ಇದು ಒಳ್ಳೆಯ ಬ್ರೇಕ್. ಆದರೂ ಸುಳ್ಳು ಯಾಕೆ, ಕೊನೆಯ ಐದಾರು ಜನರನ್ನು ನಾನು ಊಹೆಯಲ್ಲೇ ಮುಗಿಸಿದೆ.

ನಮ್ಮಂಥವರಿಗೆ ಒಂದು ಕಷ್ಟ ಜಾಸ್ತಿ. ಕೆಲವರನ್ನು ಮಾತಿನ ಧಾಟಿಯಿಂದ ಗುರುತು ಹಿಡಿಯಬೇಕು. ಫೋನಿನಲ್ಲಿ ಎರಡು ಮಾತು ಕೇಳಿದರೆ ಸಾಕು, ಇವರು ಧಾರವಾಡದ ಕಡೆಯವರಾ ಮಂಗಳೂರಿನವರಾ ಅಂತ ನಾವು ಹೇಳಿಬಿಡುತ್ತೇವೆ ಅಲ್ವಾ? ಆದರೆ ಇಂಗ್ಲಿಷ್ ಮಾತಾಡುವವರಲ್ಲಿ ಸ್ಕಾಟ್ಲೆಂಡಿನವನು ಯಾರು, ಐರ್ಲೆಂಡಿನವನು ಯಾರು, ನನ್ನ ಕಿವಿಗೆ ಎಲ್ಲರೂ ಒಂದೇ. ಸಬ್‌ಟೈಟಲ್ ಹಾಕಿಕೊಂಡರೂ ಧಾಟಿ ಅದರಲ್ಲಿ ಕಾಣುವುದಿಲ್ಲವಲ್ಲ.

ಪಟ್ಟಿಯಲ್ಲಿ ನಮ್ಮ ದೇಶದವರೂ ಇದ್ದಾರೆ. ಆ ಕಾಲದಲ್ಲಿ ಬ್ರಿಟಿಷ್ ಹಡಗುಗಳಲ್ಲಿ ದುಡಿಯುತ್ತಿದ್ದ ನಮ್ಮ ಕಡೆಯ ಖಲಾಸಿಗಳನ್ನು ಲಸ್ಕರ್ ಅಂತ ಕರೆಯುತ್ತಿದ್ದರು. ಉಳಿದವರಿಗೆ ಕಡಲಿನ ಭೂತಪ್ರೇತಗಳೆಲ್ಲ ಎದುರಾಗುವ ಮೊದಲೇ, ಇವರಲ್ಲಿ ಇಬ್ಬರನ್ನು ಬರೀ ಕಾಯಿಲೆ ತಿಂದುಹಾಕುತ್ತದೆ. ಆ ಎರಡು ಹೆಸರು ತುಂಬುವಾಗ ಸ್ವಲ್ಪ ಹೊತ್ತು ಕೈ ಓಡಲಿಲ್ಲ. ಇನ್ನೊಂದು ಕಡೆ, ಎಲ್ಲ ಮುಗಿದ ಮೇಲೆ ಕಂಪನಿ ಲೆಕ್ಕ ಹಾಕುತ್ತದೆ, ಯಾರ ಮನೆಯವರಿಗೆ ಪರಿಹಾರ, ಯಾರಿಗೆ ದಂಡ ಅಂತ. ಇಷ್ಟೆಲ್ಲ ಸಾವು ಕೊನೆಗೆ ಒಂದು ಕಾಗದದ ಪಟ್ಟಿ.

ಮಾಡಿದ್ದು ಲ್ಯೂಕಸ್ ಪೋಪ್, ಬಹುಮಟ್ಟಿಗೆ ಒಬ್ಬರೇ ಕೂತು, ಸಂಗೀತವೂ ಅವರದೇ. 2013ರಲ್ಲಿ ‘ಪೇಪರ್ಸ್, ಪ್ಲೀಸ್’ ಮಾಡಿದವರು. ಅಲ್ಲೂ ನಾವು ಗಡಿಯಲ್ಲಿ ಕೂತು ಪಾಸ್‌ಪೋರ್ಟ್ ನೋಡುವ ಗುಮಾಸ್ತರೇ. ಈ ಮನುಷ್ಯನಿಗೆ ಕಚೇರಿ ಕಾಗದಪತ್ರ ಅಂದರೆ ಅದೇನು ಪ್ರೀತಿಯೋ! ಚಿತ್ರವೆಲ್ಲ ಎರಡೇ ಬಣ್ಣದಲ್ಲಿ, ಹಳೇ ಮ್ಯಾಕಿಂಟಾಷ್ ಪರದೆಯ ಹಾಗೆ ಚುಕ್ಕಿ ಚುಕ್ಕಿ. ಚೆಂದ ಏನೋ ಚೆಂದವೇ, ಆದರೆ ದೀಪ ಆರಿಸಿ ಎರಡು ಗಂಟೆ ಆಡಿದ ದಿನ ನನಗೆ ತಲೆನೋವು ಬಂತು. ದೀಪ ಹಾಕಿಕೊಂಡೇ ಆಡಿ.

ಬೈಯಬೇಕಾದ್ದು ಒಂದಿದೆ. ನೋಡಿದ ದೃಶ್ಯವನ್ನು ಇನ್ನೊಮ್ಮೆ ನೋಡಬೇಕು ಅಂದರೆ ಪುಸ್ತಕದ ಪುಟದಿಂದ ನೇರ ಹೋಗಲು ಆಗುವುದಿಲ್ಲ. ಹಡಗಿನಲ್ಲಿ ಆ ಹೆಣ ಇದ್ದ ಜಾಗಕ್ಕೇ ಮೆಟ್ಟಿಲು ಹತ್ತಿ ಇಳಿದು ನಡೆಯಬೇಕು. ಒಂದು ಟೋಪಿ ಹಾಕಿದ್ದನಾ ಇಲ್ಲವಾ ಅಂತ ನೋಡಲು ಅಷ್ಟು ದೂರ! ಹಡಗಿನ ಪರಿಚಯ ಆಗಲಿ ಅಂತ ಬೇಕೆಂದೇ ಹಾಗೆ ಮಾಡಿದ್ದಾರೆ ಅಂತ ಗೆಳೆಯನೊಬ್ಬ ವಾದ ಮಾಡಿದ. ನಾನು ಒಪ್ಪಲಿಲ್ಲ.

ಇನ್ನು ಮೊದಲು ಹೇಳಿದ ಕಾರಣ. ನನಗೆ ಸುಮಾರು ಹತ್ತು ಗಂಟೆ ಹಿಡಿಯಿತು, ಆಮೇಲೆ ಇನ್ನೊಮ್ಮೆ ಆಡೋಣ ಅಂದರೆ ಆಡಲು ಏನೂ ಉಳಿದಿಲ್ಲ, ಗೊತ್ತಾಗುವುದೇ ಈ ಆಟ, ಗೊತ್ತಾದ ಮೇಲೆ ಮುಗೀತು. ಅದಕ್ಕೆ ಈಗ ಅಕ್ಕನ ಮಗನನ್ನು ಕೂರಿಸಿ ಆಡಿಸುತ್ತಿದ್ದೇನೆ, ನಾನು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತೇನೆ. ನಿನ್ನೆ ಅವನು ಬಡಗಿಯ ಹೆಸರನ್ನು ಅಡುಗೆಯವನ ಮುಖಕ್ಕೆ ಹಚ್ಚಿ, “ಮಾಮ, ಇವನೇ, ಗ್ಯಾರಂಟಿ” ಅಂದ. ಹೂಂ ಅಂದೆ.