ರಾಯಲ್ ಐಸಿಂಗ್‌ಗೆ ಲಿಕ್ವಿಡ್, ಜೆಲ್, ಪೌಡರ್: ಯಾವ ಬಣ್ಣ ಕೊಳ್ಳಬೇಕು?

ಪುಡಿ ಸಕ್ಕರೆ, ಮೊಟ್ಟೆಯ ಬಿಳಿ ಕಲಸಿ ಮಾಡುವ, ಒಣಗಿದರೆ ಗಟ್ಟಿಯಾಗುವ ಲೇಪವೇ ರಾಯಲ್ ಐಸಿಂಗ್. ಅದರಿಂದ ಕುಕೀ ಅಲಂಕರಿಸಲು ಒಂದೇ ಬಗೆಯ ಬಣ್ಣ ಕೊಳ್ಳುವುದಾದರೆ ಜೆಲ್ ಕೊಳ್ಳಿ.

ಲಿಕ್ವಿಡ್ ಬಣ್ಣ ಅಗ್ಗ, ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ತಿಳಿ ಗುಲಾಬಿ, ತಿಳಿ ಹಳದಿಗೆ ಅಷ್ಟು ಸಾಕು. ಕಡುಗೆಂಪು ಬೇಕೆಂದು ಸುರಿಯುತ್ತಾ ಹೋದರೆ ಮಾತ್ರ ಐಸಿಂಗ್ ನೀರಾಗುತ್ತದೆ. ಬೇಗ ಒಣಗುವುದಿಲ್ಲ, ಪಕ್ಕದ ಬಿಳಿಗೂ ಬಣ್ಣ ಇಳಿಯುತ್ತದೆ.

ಜೆಲ್ ಹಾಗಲ್ಲ. ಟೂತ್‌ಪಿಕ್ ತುದಿಗೆ ಅಂಟಿದಷ್ಟು ಸಾಕು. ಆದರೆ ಕೆಂಪು, ಕಪ್ಪು ಕಲಸಿದ ಕೂಡಲೇ ಪೂರ್ತಿ ತೋರುವುದಿಲ್ಲ. ಬೇಕಾದ್ದಕ್ಕಿಂತ ಸ್ವಲ್ಪ ತಿಳಿ ಇರುವಾಗಲೇ ನಿಲ್ಲಿಸಿ, ಬಟ್ಟಲು ಮುಚ್ಚಿ ಕೆಲವು ಗಂಟೆ ಬಿಡಿ. ತಾನಾಗಿಯೇ ಗಾಢವಾಗುತ್ತದೆ. ಅವಸರಪಟ್ಟು ಜಾಸ್ತಿ ಹಾಕಿದರೆ ಕಹಿ ಬರುತ್ತದೆ, ನಾಲಿಗೆಗೂ ಬಣ್ಣ ಹತ್ತುತ್ತದೆ. ಕಪ್ಪಿಗೆ ಮೊದಲೇ ಒಂದಿಷ್ಟು ಕೋಕೋ ಪೌಡರ್ ಬೆರೆಸಿಕೊಂಡರೆ ಕಡಿಮೆ ಜೆಲ್ ಸಾಕಾಗುತ್ತದೆ.

ಪೌಡರಿನಲ್ಲಿ ನೀರೇ ಇಲ್ಲ, ಹಾಗಾಗಿ ಐಸಿಂಗ್ ಹದ ಕೆಡುವುದಿಲ್ಲ. ನೇರವಾಗಿ ಉದುರಿಸಿದರೆ ಚುಕ್ಕೆ ಉಳಿಯಬಹುದು. ಒಂದೆರಡು ಹನಿ ನೀರಿನಲ್ಲಿ ಕದಡಿ ಹಾಕಿ.

ಚಾಕೊಲೇಟ್‌ಗೆಂದು ಮಾರುವ ಎಣ್ಣೆ ಬಣ್ಣ ಇಲ್ಲಿಗೆ ಬೇಡ. ಜಿಡ್ಡು ತಗುಲಿದರೆ ರಾಯಲ್ ಐಸಿಂಗ್ ಕೆಡುತ್ತದೆ.

ಬಣ್ಣ ಗಾಢವಾಗಿಬಿಟ್ಟರೆ? ಬೇರೆ ಬಟ್ಟಲಿನಲ್ಲಿ ಬಿಳಿ ಐಸಿಂಗ್ ತೆಗೆದುಕೊಂಡು ಅದಕ್ಕೆ ಗಾಢವಾದದ್ದನ್ನು ಚೂರು ಚೂರೇ ಸೇರಿಸಿ. ಬಿಳಿಯೇ ಹಳದಿಯಾಗಿ ಕಂಡರೆ ನೇರಳೆ ಜೆಲ್ ಸೂಜಿಮೊನೆಯಷ್ಟು ಸಾಕು.

ಮಂಗಳೂರಿನ ಮಳೆಗಾಲದಂಥ ತೇವದ ಹವೆಯಲ್ಲಿ ಯಾವ ಬಣ್ಣವಾದರೂ ಹರಡೀತು. ಗಾಢ ಬಣ್ಣವನ್ನು ಮೊದಲು ಹಾಕಿ, ಫ್ಯಾನ್ ಕೆಳಗೆ ಪೂರ್ತಿ ಒಣಗಿಸಿ, ಆಮೇಲೆ ಬಿಳಿ ಹಾಕಿ.