ಇಳಕಲ್ಲಿನ ಒಂದು ಮನೆತನದ ಸೀರೆ ಅಂಗಡಿ: ಕೊಂಡಿ ಬಿಡದೆ ಹೊಸತಿಗೆ ಕೈಹಾಕಿದವರು

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಸೀರೆ ಅಂಗಡಿಗಳಿಗೆ ಕೊರತೆಯಿಲ್ಲ. ಆದರೆ ನೇಯಿಸುವವರೂ ಮಾರುವವರೂ ಒಂದೇ ಮನೆಯವರಾಗಿದ್ದರೆ ಗಿರಾಕಿಯ ಮಾತು ನೇರವಾಗಿ ಮಗ್ಗಕ್ಕೆ ಮುಟ್ಟುತ್ತದೆ. ಮೂರನೆಯ ತಲೆಮಾರಿನ ಕೈಗೆ ಬಂದಿರುವ ಅಂಥದೊಂದು ಅಂಗಡಿಯ ಕುರಿತು ಈ ಬರಹ. ಮುಂದೆ ಅಂಗಡಿ, ಹಿಂದೆ ನೆಲದ ಕುಣಿಯಲ್ಲಿ ಕಾಲಿಳಿಸಿ ಕೂತು ನೇಯುವ ಕುಣಿಮಗ್ಗಗಳು. ನೂಲು ಮತ್ತು ಬಣ್ಣದ ನಿರ್ಧಾರ ಹಿರಿಯರದು, ಫೋನಿನಲ್ಲಿ ಬರುವ ಬೇಡಿಕೆಗಳ ಜವಾಬ್ದಾರಿ ಸೊಸೆಯದು.

ಇಳಕಲ್ ಸೀರೆಯ ಜೀವಾಳವಿರುವುದು ಒಡಲು ಮತ್ತು ಸೆರಗು ಕೂಡುವ ಜಾಗದಲ್ಲಿ. ಒಡಲಿನ ಹಾಸನ್ನು (ಮಗ್ಗದ ಮೇಲೆ ಉದ್ದಕ್ಕೆ ಹೂಡುವ ಎಳೆಗಳನ್ನು) ಹತ್ತಿ ಅಥವಾ ರೇಷ್ಮೆಯ ನೂಲಿನಲ್ಲಿ ಬೇರೆಯಾಗಿಯೂ, ಸೆರಗಿನ ಹಾಸನ್ನು ರೇಷ್ಮೆ ಇಲ್ಲವೇ ಚಮಕದಲ್ಲಿ (ಕೃತಕ ರೇಷ್ಮೆಯಲ್ಲಿ) ಬೇರೆಯಾಗಿಯೂ ಸಿದ್ಧಪಡಿಸಿ, ಎರಡರ ಎಳೆಗಳನ್ನೂ ಕೈಯಿಂದಲೇ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ಆಮೇಲೆಯೇ ಕೆಂಪು ಬಿಳುಪಿನ ತೋಪು ತೆನೆ ಎಂಬ ವಿನ್ಯಾಸದ ಸೆರಗು ಮೂಡುವುದು. ಈ ಕಾರಣಕ್ಕೆ ಪ್ರತಿ ಸೀರೆಗೂ 6, 8 ಅಥವಾ 9 ಗಜದ ಅಳತೆಯಲ್ಲಿ ಹಾಸನ್ನು ಪ್ರತ್ಯೇಕವಾಗಿ ಹೂಡಬೇಕಾಗುತ್ತದೆ. ಬೇಗ ಹೆಚ್ಚು ಸೀರೆ ಇಳಿಸಬೇಕೆನ್ನುವವರಿಗೆ ಇದು ತೊಡಕಾಗಿಯೇ ಕಾಣುತ್ತದೆ. ಈ ಮನೆಯವರು ಅದೇ ತೊಡಕಿನಲ್ಲಿ ದಾರಿ ಕಂಡುಕೊಂಡಿದ್ದಾರೆ: ಒಂದು ಸೀರೆಗೆ ಒಂದು ಹಾಸು ಎಂದಮೇಲೆ, ಹೊಸ ಬಣ್ಣವನ್ನು ಒಂದೇ ಸೀರೆಯಲ್ಲಿ ನೇಯ್ದು ನೋಡಬಹುದು, ಹಿಡಿಸದಿದ್ದರೆ ನಷ್ಟವೂ ಒಂದೇ ಸೀರೆಯದು. ಬೂದು ಬಣ್ಣದ ಒಡಲಿಗೆ ದಾಳಿಂಬೆ ಕೆಂಪಿನ ದಡಿ ಕೊಟ್ಟ ಸೀರೆ ಹೀಗೆ ಹುಟ್ಟಿದ್ದು. ನನ್ನ ದೃಷ್ಟಿಯಲ್ಲಿ ಅಂಗಡಿಯ ಅತ್ಯುತ್ತಮ ಸೀರೆ ಅದೇ.

ಹೊಸ ಬಣ್ಣದ ಸೀರೆಯನ್ನು ಮೊದಲು ಮನೆಯ ಹೆಣ್ಣುಮಕ್ಕಳೇ ಉಟ್ಟು, ಹಲವು ಸಲ ಒಗೆದು, ದಡಿಯ ಕೆಂಪು ಒಡಲಿಗೆ ಇಳಿಯುವುದಿಲ್ಲವೆಂದು ಖಾತ್ರಿಯಾದ ಮೇಲಷ್ಟೇ ಕಪಾಟಿಗೆ ಇಡುತ್ತಾರೆ. ಹಿರಿಯರು ಹೊಸದಕ್ಕೆ ಬೇಗ ಒಪ್ಪುವವರಲ್ಲ, ಆದರೆ ಒಗೆದ ಸೀರೆ ಕಣ್ಣೆದುರಿಗಿದ್ದರೆ ವಾದಕ್ಕೂ ಇಳಿಯುವವರಲ್ಲ ಎಂದು ಸೊಸೆ ಹೇಳಿದರು. ಅಧಿಕಾರ ಒಬ್ಬರ ಕೈಯಲ್ಲೇ ಇರುವ ಮನೆತನದ ವ್ಯಾಪಾರದಲ್ಲಿ ಕಿರಿಯರ ಯೋಚನೆಗೆ ಇಂಥದೊಂದು ನಿಶ್ಚಿತ ಪರೀಕ್ಷೆಯಿರುವುದು ಬಹಳ ದೊಡ್ಡ ವಿಷಯ. ಅನೇಕ ಅಂಗಡಿಗಳಲ್ಲಿ ಆ ಯೋಚನೆಗಳು ಊಟದ ಹೊತ್ತಿನ ಮಾತಿನಲ್ಲೇ ಮುಗಿದುಹೋಗುತ್ತವೆ. ಸೀರೆಯ ಬಣ್ಣಕ್ಕೆ ಹೊಂದುವ ಗುಳೇದಗುಡ್ಡದ ಖಣವನ್ನು (ರವಿಕೆ ಬಟ್ಟೆಯನ್ನು) ಜೊತೆಗೇ ಕೊಡುವ ಏರ್ಪಾಡು ಕೂಡ ಸೊಸೆಯದೇ.

ಎಲ್ಲವೂ ಮೆಚ್ಚುವಂತಿಲ್ಲ. ಸೀರೆ ಬಟ್ಟೆಯಿಂದ ಹೊಲಿಸಿದ ಕೈಚೀಲಗಳ ಹೊಲಿಗೆ ಸಡಿಲವಾಗಿದೆ. ಅದಕ್ಕಿಂತ ಗಂಭೀರವಾದ ಕೊರತೆಯೆಂದರೆ, ಕೈಮಗ್ಗದ ಸೀರೆಗಳ ಪಕ್ಕದಲ್ಲೇ ಹೊರಗಿನಿಂದ ತರಿಸಿದ ವಿದ್ಯುತ್ ಮಗ್ಗದ ಸೀರೆಗಳೂ ಇವೆ, ಆದರೆ ಯಾವುದರ ಮೇಲೂ ಚೀಟಿಯಿಲ್ಲ. ಕೇಳಿದರೆ ಮರೆಮಾಚದೆ ಹೇಳುತ್ತಾರೆ ನಿಜ. ಕೇಳಬೇಕೆಂದು ತಿಳಿಯದ ಗಿರಾಕಿಯ ಗತಿಯೇನು? ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಪಡೆದ ಸೀರೆಯ ಊರಿನಲ್ಲಿ ಮಗ್ಗ ಯಾವುದು, ಒಡಲಿನ ನೂಲು ಯಾವುದು, ಸೆರಗು ರೇಷ್ಮೆಯೋ ಚಮಕವೋ ಎಂಬುದನ್ನು ಪ್ರತಿ ಸೀರೆಯ ಮೇಲೂ ಬರೆದಿಡಬೇಕು. ನೇಯ್ದವರ ಹೆಸರೂ ಇದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಹೊಸ ಬಣ್ಣದ ಮೊದಲ ಸೀರೆಗೆ ತಗಲುವ ಹೆಚ್ಚಿನ ಹೊತ್ತು ಅವರದೇ.

ಅಲ್ಲಿಯವರೆಗೆ ಕೊಳ್ಳುವವರು ಸೀರೆಯನ್ನು ಪೂರ್ತಿ ಬಿಡಿಸಿ, ಸೆರಗು ಒಡಲಿಗೆ ಸೇರುವ ಕಡೆ ಒಳಮೈಯನ್ನು ಬೆರಳಿನಿಂದ ಮುಟ್ಟಿ, ಕೊಂಡಿಯ ಗೆರೆಯಿದೆಯೇ ಎಂದು ನೋಡಬೇಕು. ಬಿಡಿಸಿ ತೋರಿಸಲು ಇವರು ಬೇಸರಿಸುವುದಿಲ್ಲ. ಬಣ್ಣ ಆರಿಸಿ ನೇಯಿಸಿಕೊಳ್ಳುವವರು ಮದುವೆಯ ದಿನಗಳಿಗೆ ಬಹಳ ಮುಂಚೆಯೇ ಹೇಳಿಡುವುದು ಅಗತ್ಯ. ಹಾಸು ಹೂಡಿದ ಮೇಲೆ ಬಣ್ಣ ಬದಲಿಸುವಂತಿಲ್ಲವಾದ್ದರಿಂದ, ಸಾಧ್ಯವಿದ್ದವರು ಫೋನಿನ ಚಿತ್ರವನ್ನು ನಂಬದೆ ಅಂಗಡಿಗೇ ಹೋಗಿ ನೂಲಿನ ಲಡಿಗಳನ್ನು ಹಗಲು ಬೆಳಕಿನಲ್ಲಿ ನೋಡಿ ಒಪ್ಪಿಗೆ ಕೊಡಲಿ.