ಹಳೇ ಬೇಸ್‌ಬಾಲ್ ಕಾರ್ಡ್ ಹರಾಜು: ಈಬೇಯಲ್ಲಿ ಕೊಳ್ಳೋದಾ, ಹರಾಜು ಕಂಪನಿಯಲ್ಲಾ?

ಬೇಸ್‌ಬಾಲ್ ಆಟಗಾರರ ಚಿತ್ರವಿರುವ ಹಳೇ ಕಾರ್ಡು ಕೊಳ್ಳೋಕೆ ನನ್ನ ನಿಯಮ ಇದು: ನೂರಿನ್ನೂರು ಡಾಲರ್ ಒಳಗಿನ ಕಾರ್ಡಿಗೆ ಈಬೇ ಅನ್ನುವ ಆನ್‌ಲೈನ್ ಮಾರುಕಟ್ಟೆ. ಸಾವಿರ ದಾಟಿದರೆ ಕ್ಯಾಟಲಾಗ್ ಮಾಡಿ ಮಾರುವ ಹರಾಜು ಕಂಪನಿ. ನ್ಯೂಜೆರ್ಸಿಯಲ್ಲಿ ಕೂತು ಎರಡೂ ಕಡೆ ಕೆಲವು ವರ್ಷ ಬಿಡ್ ಹಾಕಿದ (ಬೆಲೆ ಕೂಗಿದ) ಮೇಲೆ ನಾನು ಬಂದು ನಿಂತಿರುವುದು ಇಲ್ಲಿಗೆ. ಇದಕ್ಕೆ ಬೆಲೆಯೊಂದೇ ಕಾರಣ ಅಲ್ಲ. ಹರಾಜು ಹೇಗೆ ಮುಗಿಯುತ್ತದೆ ಅನ್ನೋದೇ ದೊಡ್ಡ ವ್ಯತ್ಯಾಸ.

ಮೊದಲು ನಾನು ಕೊಳ್ಳುವ ಕಾರ್ಡುಗಳ ಬಗ್ಗೆ ಎರಡು ಮಾತು. ಟಿ206 ಅನ್ನುವ ಸೆಟ್ 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೋ ಕಂಪನಿಯ ಸಿಗರೇಟ್ ಪ್ಯಾಕುಗಳಲ್ಲಿ ಬಂದದ್ದು. ಒಟ್ಟು 524 ಕಾರ್ಡು. ಒಂದೊಂದೂ ಅಂಗೈಯೊಳಗೆ ಮುಚ್ಚಿಹೋಗುವಷ್ಟು ಚಿಕ್ಕದು. ಮುಂದೆ ಆಟಗಾರನ ಬಣ್ಣದ ಚಿತ್ರ, ಹಿಂದೆ ಪೀಡ್‌ಮಾಂಟ್, ಸ್ವೀಟ್ ಕ್ಯಾಪೊರಲ್ ಅಂತ ಸಿಗರೇಟ್ ಜಾಹೀರಾತು. ಇದೇ ಸೆಟ್ಟಿನ ಹೋನಸ್ ವ್ಯಾಗ್ನರ್ ಕಾರ್ಡೊಂದು 2021ರಲ್ಲಿ 66 ಲಕ್ಷ ಡಾಲರಿಗೆ ಹೋಯಿತು. ಅದನ್ನು ಕೇಳಿದವರು ಇದು ಕೋಟ್ಯಧಿಪತಿಗಳ ಆಟ ಅಂದುಕೊಳ್ಳುತ್ತಾರೆ. ಹಾಗಲ್ಲ. ಅದೇ ಸೆಟ್ಟಿನ ಸಾಧಾರಣ ಆಟಗಾರರು, ಮೂಲೆ ಸವೆದ ಸ್ಥಿತಿಯಲ್ಲಿ, ಇವತ್ತಿಗೂ ನೂರು ಡಾಲರ್ ಒಳಗೆ ಸಿಗುತ್ತಾರೆ. ನೂರು ವರ್ಷ ದಾಟಿದ ಕಾಗದ ಅದು! ಇದರ ಜೊತೆ 1933ರ ಗೌಡಿ ಕಂಪನಿಯ ಚ್ಯೂಯಿಂಗ್ ಗಮ್ ಕಾರ್ಡುಗಳು, 1956ರ ಟಾಪ್ಸ್ ಕಂಪನಿಯ ಸೆಟ್ ನನಗೆ ಇಷ್ಟ.

ಈಬೇಯಲ್ಲಿ ಹರಾಜು ಸಾಮಾನ್ಯವಾಗಿ ಹೇಳಿದ ಹೊತ್ತಿಗೆ ಸರಿಯಾಗಿ ನಿಲ್ಲುತ್ತದೆ. ನೀವು ನಿಮ್ಮ ಗರಿಷ್ಠ ಮೊತ್ತ ಹಾಕಿಟ್ಟರೆ ಎದುರಾಳಿಗಿಂತ ಒಂದು ಮೆಟ್ಟಿಲು ಮೇಲಿರುವಷ್ಟನ್ನೇ ಅದು ತೋರಿಸುತ್ತದೆ. ಹಾಗಾಗಿ ಬುದ್ಧಿವಂತರು ಕೊನೇ ಐದಾರು ಸೆಕೆಂಡಿನಲ್ಲಿ ಒಂದೇ ಒಂದು ಬಿಡ್ ಹಾಕುತ್ತಾರೆ. ಇದಕ್ಕೆ ಸ್ನೈಪಿಂಗ್ ಅಂತಾರೆ. ನಾನೂ ಹಾಗೇ ಮಾಡುವುದು. ಮೂರು ದಿನ ಮೊದಲೇ ಬಿಡ್ ಹಾಕಿದರೆ, ಈ ಕಾರ್ಡಿಗೆ ಗಿರಾಕಿ ಇದ್ದಾನೆ ಅಂತ ಊರಿಗೆಲ್ಲ ಡಂಗುರ ಸಾರಿದ ಹಾಗೆ. ಎದುರಿನವರಿಗೆ ಯೋಚಿಸೋಕೆ, ಹಟಕ್ಕೆ ಬೀಳೋಕೆ ಸಮಯ ಸಿಗುತ್ತದೆ. ವಾರದ ನಡುವೆ, ಅಮೆರಿಕದಲ್ಲಿ ಜನ ಕೆಲಸದಲ್ಲಿರುವ ಹೊತ್ತಿಗೆ ಮುಗಿಯುವ ಹರಾಜಿನಲ್ಲಿ ಕೊನೇ ಸೆಕೆಂಡಿಗೆ ಕಾದು ಕೂತವರು ಕಡಿಮೆ, ಒಳ್ಳೇ ಕಾರ್ಡು ಕಡಿಮೆಗೆ ಸಿಗುವುದು ಇದರಿಂದಲೇ.

ಹರಾಜು ಕಂಪನಿಗಳಲ್ಲಿ ಈ ಆಟ ನಡೆಯುವುದಿಲ್ಲ. ಡಲ್ಲಾಸ್‌ನ ಹೆರಿಟೇಜ್, ನಮ್ಮ ನ್ಯೂಜೆರ್ಸಿಯ ರಾಬರ್ಟ್ ಎಡ್ವರ್ಡ್ ಆಕ್ಷನ್ಸ್, ಗೋಲ್ಡಿನ್, ಇವೆಲ್ಲ ಹೆಸರಾದವು. (ಗೋಲ್ಡಿನ್ ಅನ್ನು 2024ರಲ್ಲಿ ಈಬೇಯೇ ಕೊಂಡಿತು.) ಇಂಥ ಕಡೆ ಸಾಮಾನ್ಯವಾಗಿ ರಾತ್ರಿ ಮೊದಲೇ ಗೊತ್ತುಮಾಡಿದ ಹೊತ್ತಿಗೆ ಹೆಚ್ಚುವರಿ ಅವಧಿ ಶುರುವಾಗುತ್ತದೆ. ಅಲ್ಲಿಂದ ಯಾರಾದರೂ ಬಿಡ್ ಹಾಕಿದರೆ ಗಡಿಯಾರ ಮತ್ತೆ ಮೊದಲಿಂದ, ಹೆಚ್ಚಾಗಿ ಅರ್ಧ ಗಂಟೆ. ಕೆಲವು ಕಡೆ ಮೊದಲೇ ಒಂದು ಬಿಡ್ ಹಾಕಿದವರಿಗೆ ಮಾತ್ರ ಆ ಅವಧಿಗೆ ಪ್ರವೇಶ, ಆದ್ದರಿಂದ ನಿಯಮ ಓದಿಕೊಂಡೇ ಇಳಿಯಿರಿ. ಒಂದು ಕಾರ್ಡಿಗೆ ಇಬ್ಬರು ಹಟ ಹಿಡಿದರೆ ಬೆಳಗಿನ ಜಾವದವರೆಗೂ ಎಳೆಯುತ್ತದೆ. ನಿದ್ದೆಗಣ್ಣಲ್ಲಿ "ಇನ್ನೊಂದೇ ಒಂದು" ಅನ್ನಿಸುವುದು ಆಗಲೇ. ನಾನು ಸಂಜೆಯೇ ನನ್ನ ಮಿತಿ ಹಾಕಿ ಮಲಗುತ್ತೇನೆ.

ಆದರೆ ಇದರಲ್ಲಿ ಒಂದು ನ್ಯಾಯವೂ ಇದೆ. ಕಾರ್ಡು ನಿಮ್ಮ ಕೈ ತಪ್ಪಿದರೆ, ಇನ್ನೊಬ್ಬರಿಗೆ ಅದು ನಿಜಕ್ಕೂ ಜಾಸ್ತಿ ಬೇಕಿತ್ತು ಅಂತ ಅರ್ಥ. ಇಂಟರ್ನೆಟ್ ನಿಧಾನವಾಗಿತ್ತು ಅಂತ ಅಲ್ಲ.

ಇನ್ನು ಲೆಕ್ಕ. ಈಬೇಯಲ್ಲಿ ಬಿಡ್ ಮೊತ್ತದ ಮೇಲೆ ತೆರಿಗೆ, ಅಂಚೆ ಖರ್ಚು, ಅಷ್ಟೇ. ಹರಾಜು ಕಂಪನಿಯಲ್ಲಿ ಬೈಯರ್ಸ್ ಪ್ರೀಮಿಯಂ ಅಂತ ಇನ್ನೊಂದು ಇರುತ್ತದೆ, ಸುಮಾರು ಶೇ. 20. 500 ಡಾಲರಿಗೆ ಗೆದ್ದರೆ ಬಿಲ್ಲು 600. ಅದರ ಮೇಲೆ ನ್ಯೂಜೆರ್ಸಿಯ ಶೇ. 6.625 ತೆರಿಗೆ ಸೇರಿ 639.75. ಅಂಚೆ ಬೇರೆ. ಎರಡು ಕಡೆಯ ಬೆಲೆ ಹೋಲಿಸುವಾಗ ಇದನ್ನು ಮರೆತರೆ ಹೋಲಿಕೆಗೆ ಅರ್ಥವೇ ಇಲ್ಲ. ನಾನು ಮನಸ್ಸಿನಲ್ಲಿರುವ ಒಟ್ಟು ಮೊತ್ತದಿಂದ ಹಿಂದಕ್ಕೆ ಲೆಕ್ಕ ಹಾಕಿ ಬಿಡ್ ಎಷ್ಟು ಅಂತ ಮೊದಲೇ ಬರೆದಿಡುತ್ತೇನೆ. ಆ ಮೊತ್ತ ಎಲ್ಲಿಂದ ಬರಬೇಕು? ಈಬೇಯಲ್ಲೇ "ಮಾರಾಟವಾದವು" ಅಂತ ಫಿಲ್ಟರ್ ಇದೆ. ಮಾರುವವರು ಕೇಳುವ ಬೆಲೆ ನೋಡಬೇಡಿ. ನಿಜವಾಗಿ ಹೋದ ಬೆಲೆ ನೋಡಿ.

ನಂಬಿಕೆಯ ವಿಷಯದಲ್ಲಿ ಯಾವುದು ಮೇಲು ಅಂತ ಒಂದೇ ಮಾತಿನಲ್ಲಿ ಹೇಳಲಾಗದು. ಗ್ರೇಡ್ ಆಗದ ಕಾರ್ಡಿಗೆ, ಅಂದರೆ ಪಿಎಸ್‌ಎ ಅಥವಾ ಎಸ್‌ಜಿಸಿ ಅನ್ನುವ ಕಂಪನಿಯವರು ಪರೀಕ್ಷಿಸಿ, ಸ್ಥಿತಿಗೆ ಹತ್ತರೊಳಗೆ ಅಂಕ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚದೇ ಇರುವುದಕ್ಕೆ, ಈಬೇಯಲ್ಲಿ ಕಣ್ಣು ಚುರುಕಾಗಿರಬೇಕು. ಟಿ206ರ ನಕಲು ಬೇಕಾದಷ್ಟಿವೆ. ಅಸಲಿಯಲ್ಲಿ ಕೆಳಗಿನ ಹೆಸರು ಗಟ್ಟಿ ಕಂದು ಶಾಯಿಯಲ್ಲಿ ಅಚ್ಚಾಗಿರುತ್ತದೆ. ನಕಲಿಯ ಅಕ್ಷರವನ್ನು ಭೂತಗನ್ನಡಿಯಲ್ಲಿ ನೋಡಿದರೆ ಸಣ್ಣ ಸಣ್ಣ ಬಣ್ಣದ ಚುಕ್ಕಿ. "ತಾತನ ಅಟ್ಟದಲ್ಲಿ ಸಿಕ್ಕಿತು, ಅಸಲಿಯೋ ಗೊತ್ತಿಲ್ಲ" ಅಂತ ಬರೆದಿದ್ದರೆ ಸುಮ್ನೆ ಮುಂದೆ ಹೋಗಿ. ಕಾರ್ಡು ವಿವರಣೆಯಂತೆ ಇಲ್ಲದಿದ್ದರೆ ಈಬೇ ಹಣ ವಾಪಸ್ ಕೊಡಿಸುತ್ತದೆ. ಹರಾಜು ಕಂಪನಿಯಲ್ಲಿ ಸಾಮಾನ್ಯವಾಗಿ ಗ್ರೇಡ್ ಆದ ಕಾರ್ಡು ಗೆದ್ದರೆ ಅದು ನಿಮ್ಮದೇ, ವಾಪಸ್ ಇಲ್ಲ.

ದೊಡ್ಡ ಹೆಸರು ಅಂದ ಮಾತ್ರಕ್ಕೆ ಎಲ್ಲ ಸರಿ ಅಂತಲೂ ಅಲ್ಲ. ಒಂದು ಕಾಲಕ್ಕೆ ಈ ವ್ಯಾಪಾರದ ಅತಿ ದೊಡ್ಡ ಹೆಸರಾಗಿದ್ದ ಬಿಲ್ ಮಾಸ್ಟ್ರೋ 2013ರಲ್ಲಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡರು. ತಮ್ಮ ಹರಾಜಿನಲ್ಲಿ ಸುಳ್ಳು ಬಿಡ್ ಹಾಕಿಸಿದ್ದು, ಜಗತ್ಪ್ರಸಿದ್ಧ ವ್ಯಾಗ್ನರ್ ಕಾರ್ಡೊಂದರ ಅಂಚನ್ನು ಚೊಕ್ಕ ಕಾಣಲೆಂದು ಕತ್ತರಿಸಿದ್ದು, ಎರಡೂ ಹೊರಬಂದವು. ಆ ಕಾರ್ಡು ಪಿಎಸ್‌ಎ ಗ್ರೇಡ್ ಮಾಡಿದ ಮೊಟ್ಟಮೊದಲನೆಯದು, 10ಕ್ಕೆ 8 ಸಿಕ್ಕಿತ್ತು!

ಆದ್ದರಿಂದ ಡಬ್ಬಿಯ ಮೇಲಿನ ಸಂಖ್ಯೆಗಿಂತ ಚಿತ್ರ ನೋಡಿ. ಇಲ್ಲಿ ಹರಾಜು ಕಂಪನಿಗಳದ್ದೇ ಮೇಲುಗೈ. ಎರಡೂ ಬದಿಯ ದೊಡ್ಡ ಸ್ಕ್ಯಾನ್ ಹಾಕುತ್ತಾರೆ, ಮಡಿಕೆ ಎಲ್ಲಿದೆ, ಕಾಗದ ಎಲ್ಲಿ ಕಿತ್ತಿದೆ ಅಂತ ಬರೆಯುತ್ತಾರೆ. ಒಂದು ಕಾರ್ಡಿಗೆ ಗ್ರೇಡ್ 2 ಬಂದಿರುವುದು ಹಿಂಬದಿಯ ಅಂಟಿನ ಕಲೆಯಿಂದ ಇರಬಹುದು, ಮುಂಭಾಗ ಚೊಕ್ಕ. ಇನ್ನೊಂದು 2ರಲ್ಲಿ ಆಟಗಾರನ ಮುಖದ ಮೇಲೇ ಮಡಿಕೆ. ಸಂಖ್ಯೆ ಒಂದೇ, ಆದರೆ ಎರಡೂ ಒಂದೇ ಅಲ್ಲ, ಅಲ್ವಾ? ನನ್ನ 1956ರ ಜಾಕಿ ರಾಬಿನ್ಸನ್ ಮೊದಲನೇ ಥರದ್ದು. ಬಣ್ಣ ಇನ್ನೂ ಹೊಳೆಯುತ್ತದೆ. 1947ರಲ್ಲಿ ಮೇಜರ್ ಲೀಗಿನ ವರ್ಣಭೇದದ ಗೋಡೆ ಒಡೆದ ಆಟಗಾರ, ಅವನು ಆಡುತ್ತಿದ್ದಾಗ ಬಂದ ಕೊನೆಯ ಟಾಪ್ಸ್ ಕಾರ್ಡ್ ಅದು. ಅದನ್ನು ಈಬೇಯಲ್ಲೇ ಕೊಂಡೆ.

ನನ್ನ ನಿಯಮಕ್ಕೆ ಎರಡು ಅಪವಾದ. ಒಂದು, ಅಗ್ಗದ ಕಾರ್ಡುಗಳನ್ನು ಬಿಡಿಬಿಡಿಯಾಗಿ ಕ್ಯಾಟಲಾಗ್ ಮಾಡುವುದು ಹರಾಜು ಕಂಪನಿಗೆ ಗಿಟ್ಟುವುದಿಲ್ಲ. ಇಪ್ಪತ್ತು, ಮೂವತ್ತು ಸೇರಿಸಿ ಒಂದೇ ಲಾಟ್ ಮಾಡುತ್ತಾರೆ. ಪ್ರೀಮಿಯಂ ಸೇರಿಸಿದರೂ ಒಂದೊಂದಕ್ಕೆ ಬೀಳುವ ಬೆಲೆ ಎಷ್ಟೋ ಸಲ ಈಬೇಗಿಂತ ಕಡಿಮೆ. ಎರಡು, ಟಿ206ರ ಹಿಂಬದಿ. ಡ್ರಮ್, ಬ್ರಾಡ್ ಲೀಫ್‌ನಂಥ ಜಾಹೀರಾತು ಇದ್ದರೆ ಅದೇ ಆಟಗಾರನ ಬೆಲೆ ಎಷ್ಟೋ ಪಟ್ಟು ಏರುತ್ತದೆ. ಕಂಪನಿಯವರ ಕಣ್ಣಿಗೆ ಅದು ತಪ್ಪುವುದಿಲ್ಲ. ಈಬೇಯಲ್ಲಿ ಕೆಲವರು ಮುಂಭಾಗದ ಹೆಸರನ್ನಷ್ಟೇ ಬರೆದು ಹಾಕಿರುತ್ತಾರೆ. ಅಪರೂಪದ್ದನ್ನು ಹುಡುಕುವ ತಾಳ್ಮೆ ಇದ್ದವರಿಗೆ ಅಲ್ಲಿ ಇನ್ನೂ ಜಾಗ ಇದೆ.

ಈಗ ನನ್ನ ಕಣ್ಣು 1933ರ ಗೌಡಿಯ ಲೂ ಗೆರಿಗ್ ಅನ್ನುವ ಆಟಗಾರನ ಕಾರ್ಡಿನ ಮೇಲಿದೆ. ಸವೆದದ್ದೂ ಸಾವಿರ ಡಾಲರ್ ದಾಟುತ್ತದೆ, ಹಾಗಾಗಿ ಹರಾಜು ಕಂಪನಿಯಲ್ಲೇ ಕಾಯುತ್ತಿದ್ದೇನೆ. ಗ್ರೇಡ್ 1 ಆದರೂ ಸರಿ, ಮುಖದ ಮೇಲೆ ಮಡಿಕೆ ಇರಬಾರದು.